ನಿಮಗಿದು ಗೊತ್ತೇ? ಕುನ್ನಿಯ ಗುಂಡಿಗೆಯ ಗುಟ್ಟು

ತಾಯಿಯ ಹೊಟ್ಟೆಯಲ್ಲಿರುವ ನಾಯಿಮರಿ ಉಸಿರಾಡುವುದಿಲ್ಲ. ಅದಕ್ಕೇ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತವನ್ನು ಒಂದು ಗಿಡ್ಡ ನಾಳ ನೇರ ಮಹಾಧಮನಿಗೆ ದಾಟಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಈ ನಾಳ ಮುಚ್ಚಬೇಕು. ಮುಚ್ಚದೆ ಉಳಿದರೆ ಅದೇ ಪಿಡಿಎ. ನಾಯಿಗಳ ಹುಟ್ಟು ಹೃದಯದೋಷಗಳಲ್ಲಿ ಇದು ಮುಂಚೂಣಿಯದು, ಹೆಣ್ಣುಮರಿಗಳಲ್ಲೇ ಹೆಚ್ಚು. ಚಚಡಿ, ಸವದತ್ತಿ ಕಡೆಯೂ ಜನ ಮೆಚ್ಚಿ ತರುವ ಪಮೇರಿಯನ್, ಜರ್ಮನ್ ಶೆಫರ್ಡ್ ಎರಡೂ ಇದು ಹೆಚ್ಚಾಗಿ ಕಾಣುವ ತಳಿಗಳೇ.

ಇದನ್ನು ಮೊದಲು ಹಿಡಿಯುವುದು ಯಂತ್ರವಲ್ಲ, ವೈದ್ಯರ ಕಿವಿ. ಎಡ ಮುಂಗಾಲಿನ ಕಂಕುಳಲ್ಲಿ ಹಿಟ್ಟಿನ ಗಿರಣಿಯಂತೆ ಬಿಡುವಿಲ್ಲದ ಸದ್ದು. ಸ್ಟೆತೊಸ್ಕೋಪನ್ನು ಮೇಲಕ್ಕೆ ಒತ್ತದೆ ಕೆಳಗಷ್ಟೇ ಇಟ್ಟರೆ ತಪ್ಪಿಹೋಗಬಹುದು!

ಎಕ್ಸ್‌ರೇಯಲ್ಲಿ ನಾಯಿಯ ಹೃದಯ ಅಳೆಯಲು ಅಳತೆಗೋಲು ಬೇಡ, ಅದರದೇ ಬೆನ್ನುಮಣಿಗಳು ಸಾಕು. 1995ರಲ್ಲಿ ಪ್ರಕಟವಾದ ಈ ಪದ್ಧತಿಯಲ್ಲಿ ಹೃದಯದ ಉದ್ದ, ಅಗಲ ಸೇರಿ ಸಾಮಾನ್ಯವಾಗಿ 8.5ರಿಂದ 10.5 ಮಣಿ. ಆದರೆ ಗ್ರೇಹೌಂಡ್, ವಿಪ್ಪೆಟ್‌ಗಳಂಥ ಓಟದ ನಾಯಿಗಳಿಗೆ ಹುಟ್ಟಾ ದೊಡ್ಡ ಗುಂಡಿಗೆ. ಮೆಲುವಾದ ಮರ್ಮರವೂ ಇರಬಹುದು, ರೋಗವಲ್ಲ. ನಮ್ಮ ಮುಧೋಳವೂ ಅದೇ ಬಗೆಯ ಬೇಟೆನಾಯಿ. ಬರೀ ಎಕ್ಸ್‌ರೇ ನೋಡಿ ಅದಕ್ಕೆ ಹೃದ್ರೋಗಿ ಪಟ್ಟ ಕಟ್ಟುವ ಅವಸರ ಬೇಡ.

ಎಕೋಗೆ, ಅಂದರೆ ಹೃದಯದ ಅಲ್ಟ್ರಾಸೌಂಡ್‌ಗೆ, ನಾಯಿಯನ್ನು ತೂತಿರುವ ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ, ಕೆಳಗಿನಿಂದ ಪ್ರೋಬ್ ಹಿಡಿಯುತ್ತಾರೆ. ಆ ಭಂಗಿಯಲ್ಲಿ ಹೃದಯ ಎದೆಗೋಡೆಗೆ ಒತ್ತಿಕೊಳ್ಳುತ್ತದೆ, ಶ್ವಾಸಕೋಶದ ಗಾಳಿ ಅಡ್ಡಬರುವುದು ಕಡಿಮೆ. ಅರಿವಳಿಕೆ ಸಾಮಾನ್ಯವಾಗಿ ಬೇಡ. ಮಾಲೀಕರು ತಲೆ ಸವರುತ್ತಿದ್ದರೆ ಆಯಿತು.

ಕವಾಟ ಕಿರಿದಾಗಿದ್ದರೆ ರಕ್ತ ರಭಸದಿಂದ ನುಗ್ಗುತ್ತದೆ. ಎಕೋದ ಡಾಪ್ಲರ್ ಆ ವೇಗವನ್ನು ಅಳೆಯುತ್ತದೆ. ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಒತ್ತಡದ ಅಂತರ ಸಿಕ್ಕಿತು: ಸೆಕೆಂಡಿಗೆ 5 ಮೀಟರ್ ಆದರೆ 100 ಮಿಲಿಮೀಟರ್ ಪಾದರಸ. ಶ್ವಾಸಕೋಶ ಧಮನಿಯ ಕವಾಟದಲ್ಲಿ 80 ದಾಟಿದರೆ ತೀವ್ರ. ಬಲೂನಿನಿಂದ ಅದನ್ನು ಹಿಗ್ಗಿಸಬಹುದು. ಆದರೆ ಕೆಲವು ಬುಲ್‌ಡಾಗ್‌ಗಳಲ್ಲಿ ಹೃದಯದ ರಕ್ತನಾಳವೊಂದು ಅಡ್ಡದಾರಿ ಹಿಡಿದು ಅದೇ ಜಾಗವನ್ನು ಸುತ್ತಿರುತ್ತದೆ; ಹಿಗ್ಗಿಸಿದರೆ ಅದು ಹರಿದು ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಮೊದಲು ಸಿ.ಟಿ.

ಮರಿ ಹಾಲು ಬಿಟ್ಟು ರೊಟ್ಟಿ ತಿನ್ನತೊಡಗಿದ ಮೇಲೆ ತಿಂದದ್ದನ್ನೆಲ್ಲ ಹೊರಹಾಕುತ್ತಿದೆಯೇ? ಹೊಟ್ಟೆಯ ದೋಷವೇ ಇರಬೇಕೆಂದಿಲ್ಲ. ಮಹಾಧಮನಿ ಬಲಕ್ಕೆ ಹೊರಳಿ ಅನ್ನನಾಳವನ್ನು ಬಿಗಿದಿರಬಹುದು. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಹೃದಯದ ಮುಂದೆ ಉಬ್ಬಿದ ಅನ್ನನಾಳ ಕಾಣುತ್ತದೆ.

ನೀಲಿಗಟ್ಟುವ ಕೂಸುಗಳಿಗಾಗಿ 1944ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನಡೆದ ಶಸ್ತ್ರಕ್ರಿಯೆಯನ್ನು ಅಲ್ಲಿನ ಪ್ರಯೋಗಾಲಯದ ತಂತ್ರಜ್ಞ ವಿವಿಯನ್ ಥಾಮಸ್ ಮೊದಲು ಪಳಗಿಸಿದ್ದು ನಾಯಿಗಳ ಮೇಲೆ. ಬದುಕುಳಿದ ಅನ್ನಾ ಎಂಬ ನಾಯಿಗೆ ಅಲ್ಲಿ ಭಾವಚಿತ್ರದ ಗೌರವ! ಸೋಜಿಗವೆಂದರೆ, ಆ ಶಸ್ತ್ರಕ್ರಿಯೆ ಕೂಸಿಗೆ ಬೇಕೆಂದೇ ಕೂಡಿಸಿಕೊಟ್ಟದ್ದು ಪಿಡಿಎಯಂಥದೇ ಒಂದು ದಾರಿ.

ಪಿಡಿಎಯನ್ನು ಕಾಲಿನ ರಕ್ತನಾಳದ ಮೂಲಕ ತೂರಿಸಿದ ತಂತಿಬಲೆಯ ಬಿರಡೆಯಿಂದ ಮುಚ್ಚಬಹುದು. ಅಪರೂಪಕ್ಕೆ ರಕ್ತ ಹಿಮ್ಮುಖವಾಗಿ ಹರಿಯುತ್ತದೆ: ಒಸಡು ಗುಲಾಬಿ, ಹಿಂಭಾಗ ನೀಲಿ, ಗಿರಣಿಯ ಸದ್ದೂ ಇಲ್ಲ. ಆಗ ಮುಚ್ಚಿದರೆ ನಾಯಿ ಸಾಯುತ್ತದೆ. ಪತ್ತೆಗೆ ಉಪ್ಪುನೀರನ್ನು ಕಲಕಿ ಸಿರೆಗೆ ಚುಚ್ಚಿ, ನೊರೆಗುಳ್ಳೆಗಳನ್ನು ಹೊಟ್ಟೆಯ ಮಹಾಧಮನಿಯಲ್ಲಿ ಹುಡುಕುತ್ತಾರೆ; ಹೃದಯದ ಎಡಭಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ.