ಜ್ವರದ ಸೂಜಿಗೂ ರಣಹದ್ದಿಗೂ ಏನು ಸಂಬಂಧ?



ಹಸು ಮೇವು ಬಿಟ್ಟಿದೆ, ಮೈ ಸುಡುತ್ತಿದೆ, ಸಂಜೆಯ ಹಾಲು ಅರ್ಧಕ್ಕೆ ಇಳಿದಿದೆ. ಇಂಥ ಹೊತ್ತಿನಲ್ಲಿ "ಡಾಕ್ಟ್ರೇ, ಮೊದಲು ಜ್ವರ ಇಳಿಯೋ ಸೂಜಿ ಒಂದು ಹಾಕಿಬಿಡಿ" ಎಂದು ತಾವು ಕೇಳುವುದು ಸಹಜ. ವೈದ್ಯರು ಬರುವುದು ತಡವಾದರೆ ಪೇಟೆಯ ಔಷಧಿ ಅಂಗಡಿಯಿಂದ ತಾವೇ ಒಂದು ಸೀಸೆ ತಂದು ಯಾರಿಂದಲೋ ಹಾಕಿಸುವುದೂ ಉಂಟು. ಆದರೆ ಆ ಸೀಸೆಯಲ್ಲಿ ಯಾವ ಔಷಧಿ ಇದೆ ಎಂದು ಓದಿ ನೋಡುವವರು ಕಡಿಮೆ. ನಮ್ಮ ನಾಡಿನ ಆಕಾಶದಿಂದ ರಣಹದ್ದುಗಳು ಕಣ್ಮರೆಯಾದದ್ದು ಇಂಥದೇ ಒಂದು ಸೂಜಿಯಿಂದ. ಈ ಸಂಗತಿಯನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಬೆಟ್ಟಸಾಲಿನ ಜೀವಿಗಳು

ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ, ರಾಮನಗರದ ಮಗ್ಗುಲಲ್ಲಿ ಹರಿದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ದಾರಿಯ ಆಸುಪಾಸಿನಲ್ಲೆಲ್ಲ ಕಲ್ಲುಬೆಟ್ಟಗಳಿವೆ. ನಮ್ಮ ಕಡೆ ನಂದಿ, ಮಾಕಳಿದುರ್ಗ; ಆ ಕಡೆ ಸಾವನದುರ್ಗ, ರಾಮದೇವರ ಬೆಟ್ಟ. ನೋಡುವವರಿಗೆ ಬರೀ ಬಂಡೆ, ಕುರುಚಲು ಗಿಡ. ಆದರೆ ಬೇರೆಲ್ಲೂ ಕಾಣದ ಕೆಲವು ಜೀವಿಗಳು ಇಂಥ ಜಾಗವನ್ನೇ ನೆಚ್ಚಿಕೊಂಡಿವೆ. ನಂದಿ ಬೆಟ್ಟದಲ್ಲಿರುವ ಹಳದಿ ಕತ್ತಿನ ಪಿಕಳಾರ ಎಂಬ ಹಕ್ಕಿ ದಕ್ಷಿಣ ಭಾರತದ ಇಂಥ ಬಂಡೆಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಅದೇ ರೀತಿ ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವ ಇನ್ನೊಂದು ಹಕ್ಕಿ ಉದ್ದ ಕೊಕ್ಕಿನ ರಣಹದ್ದು. ಇದು ಮುಖ್ಯವಾಗಿ ನಮ್ಮ ದೇಶದ ಹಕ್ಕಿ. ನೆರೆಯ ಪಾಕಿಸ್ತಾನದಲ್ಲಿ ಅಲ್ಪಸ್ವಲ್ಪ ಇದೆ. ಇದಕ್ಕಾಗಿಯೇ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್, ಅಂದರೆ 850 ಎಕರೆಗೂ ಮೇಲ್ಪಟ್ಟ ಪ್ರದೇಶವನ್ನು ಸರ್ಕಾರ 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು. ರಣಹದ್ದಿಗೆಂದೇ ಮೀಸಲಾದ ದೇಶದ ಮೊದಲ ಧಾಮ ಇದು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಆ ಬೆಟ್ಟವೂ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು ಮಾತ್ರ.

ಹಿಂದೆ ಹೀಗಿರಲಿಲ್ಲ. ದನ ಸತ್ತರೆ ಊರಾಚೆ ಹಾಕುತ್ತಿದ್ದ ಕಾಲದಲ್ಲಿ ಆಕಾಶದಿಂದ ಸುತ್ತಿ ಸುತ್ತಿ ಇಳಿಯುತ್ತಿದ್ದ ಹದ್ದುಗಳ ಹಿಂಡನ್ನು ಕಂಡವರಿದ್ದಾರೆಯೇ ಎಂದು ತಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಒಂದು ಹಿಂಡು ಸೇರಿದರೆ ಒಂದು ಹಸುವಿನ ಕಳೇಬರ ಗಂಟೆಯೊಳಗೆ ಬರೀ ಮೂಳೆಯಾಗುತ್ತಿತ್ತು. ವಾಸನೆ ಇಲ್ಲ, ನೊಣ ಇಲ್ಲ, ನೀರಿಗೆ ಕೇಡಿಲ್ಲ, ಊರಿಗೆ ಒಂದು ಕಾಸಿನ ಖರ್ಚೂ ಇಲ್ಲ.

ಹಕ್ಕಿಗಳು ಸತ್ತದ್ದು ಹೇಗೆ?

1990ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ಹಕ್ಕಿಗಳ ಎಣಿಕೆ ಮಾಡುತ್ತಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಒಂದು ವಿಚಿತ್ರ ಕಂಡರು. ರಣಹದ್ದುಗಳು ಕತ್ತು ಜೋತುಹಾಕಿ ಕುಳಿತಲ್ಲೇ ಸಾಯುತ್ತಿದ್ದವು. 2007ರ ಎಣಿಕೆಯ ಹೊತ್ತಿಗೆ ಬಿಳಿ ಬೆನ್ನಿನ ರಣಹದ್ದು ಸಾವಿರಕ್ಕೆ ಒಂದು ಉಳಿದಿತ್ತು. ಉದ್ದ ಕೊಕ್ಕಿನದು ನೂರಕ್ಕೆ ಮೂರರಷ್ಟು. ಮೊದಲು ಯಾವುದೋ ಅಂಟುರೋಗವೆಂದು ಸಂಶಯಪಟ್ಟರು. ನಿಜವಾದ ಕಾರಣ ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು ನಡೆಸಿದ ಪರೀಕ್ಷೆಗಳಿಂದ ಗೊತ್ತಾಗಿ, 2004ರಲ್ಲಿ ಪ್ರಕಟವಾಯಿತು. ಅದು ಡೈಕ್ಲೋಫೆನಾಕ್ ಎಂಬ ನೋವು, ಜ್ವರ, ಬಾವು ಇಳಿಸುವ ಔಷಧಿ.

ಈ ಔಷಧಿ ಹಸುವಿಗೆ ಹೊಂದುತ್ತದೆ, ಮನುಷ್ಯರೂ ಬಳಸುತ್ತಾರೆ. ಆದರೆ ಸೂಜಿ ಹಾಕಿದ ಒಂದೆರಡು ದಿನಗಳೊಳಗೆ ಹಸು ಸತ್ತರೆ ಔಷಧಿಯ ಅಂಶ ಅದರ ಮಾಂಸ, ಯಕೃತ್ತು, ಮೂತ್ರಪಿಂಡಗಳಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸುತ್ತದೆ. ಹೊರಹೋಗಬೇಕಾದ ಯೂರಿಕ್ ಆಮ್ಲ ಒಳಗೇ ನಿಂತು, ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಹಕ್ಕಿ ಸಾಯುತ್ತದೆ.

ಎಲ್ಲ ದನಗಳಿಗೂ ಈ ಔಷಧಿ ಹಾಕುತ್ತಿರಲಿಲ್ಲವಲ್ಲ, ಇಷ್ಟೊಂದು ಹಕ್ಕಿ ಹೇಗೆ ಸತ್ತವು ಎಂದು ತಾವು ಕೇಳಬಹುದು. ಒಂದು ಕಳೇಬರಕ್ಕೆ ಹತ್ತಾರು ಹಕ್ಕಿಗಳು ಒಟ್ಟಿಗೆ ಎರಗುತ್ತವೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಂತತಿ ಅಳಿಯಲು ಸಾಕು ಎಂದು ಲೆಕ್ಕ ಹಾಕಿ ತೋರಿಸಲಾಗಿದೆ. ಅಲ್ಲದೆ ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನು ಮೊಟ್ಟೆಯಿಡಲು ಸುಮಾರು ಐದು ವರ್ಷ ಬೇಕು. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಸೂಜಿಯನ್ನು ಅಂದು ಧಾರಾಳವಾಗಿ ಹಾಕಿದವರು ಪಶುವೈದ್ಯರಾದ ನಾವೇ. ದನಕ್ಕೆ ಒಳ್ಳೆಯದಾಗಲೆಂದೇ ಹಾಕಿದೆವು. ಅದರಾಚೆ ಏನಾಗುತ್ತದೆಂದು ನಮಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ತಿಳಿದ ಮೇಲೆಯೂ ಹಾಕಿದರೆ ಅದು ತಪ್ಪೇ ಸರಿ.

ಕಾನೂನು ಏನು ಹೇಳುತ್ತದೆ?

ದನಗಳಿಗೆಂದು ಡೈಕ್ಲೋಫೆನಾಕ್ ತಯಾರಿಸುವುದನ್ನು ಕೇಂದ್ರ ಸರ್ಕಾರ 2006ರಲ್ಲಿ ನಿಲ್ಲಿಸಿತು. ಆದರೂ ಮನುಷ್ಯರ ಬಳಕೆಯ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. ಆದ್ದರಿಂದ 2015ರಲ್ಲಿ ಮನುಷ್ಯರ ಸೂಜಿಮದ್ದನ್ನೂ ಒಂದೇ ಡೋಸಿನ 3 ಮಿಲಿ ಪ್ರಮಾಣಕ್ಕೆ ಮಿತಿಗೊಳಿಸಲಾಯಿತು. ದನಗಳಿಗೆ ಕೀಟೋಪ್ರೊಫೆನ್ ಮತ್ತು ಎಸಿಕ್ಲೋಫೆನಾಕ್ ಬಳಸುವುದನ್ನು 2023ರಲ್ಲಿ, ನಿಮೆಸುಲೈಡ್ ಬಳಸುವುದನ್ನು 2024ರ ಡಿಸೆಂಬರ್ ಕೊನೆಯಲ್ಲಿ ನಿಷೇಧಿಸಲಾಯಿತು. ಎಸಿಕ್ಲೋಫೆನಾಕ್ ಹೆಸರಿಗೆ ಬೇರೆಯಾದರೂ ದನದ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ.

ಹಾಗಾದರೆ ಹಸುವಿನ ಜ್ವರಕ್ಕೆ ಏನು ಗತಿ ಎಂದು ಚಿಂತಿಸಬೇಕಾಗಿಲ್ಲ. ಮೆಲಾಕ್ಸಿಕಾಮ್ ಹಾಗೂ ಟಾಲ್ಫೆನಾಮಿಕ್ ಆಮ್ಲ ಎಂಬ ಔಷಧಿಗಳು ರಣಹದ್ದಿಗೆ ಅಪಾಯವಿಲ್ಲವೆಂದು ಪರೀಕ್ಷೆಗಳಿಂದ ಖಚಿತವಾಗಿದೆ. ಹಸುವಿನ ಜ್ವರ, ಕೆಚ್ಚಲು ಬಾವು, ಕುಂಟುಗಳಿಗೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ.

ನಮ್ಮೂರಲ್ಲಿ ಹದ್ದೇ ಇಲ್ಲವಲ್ಲ?

ಇದು ನ್ಯಾಯವಾದ ಪ್ರಶ್ನೆ. ದೊಡ್ಡಬಳ್ಳಾಪುರದಿಂದ ರಾಮದೇವರ ಬೆಟ್ಟ ಆಕಾಶಮಾರ್ಗದಲ್ಲಿ ಸುಮಾರು ಎಪ್ಪತ್ತು ಕಿಲೋಮೀಟರ್. ರಣಹದ್ದು ಆಹಾರ ಹುಡುಕುತ್ತಾ ಒಂದೇ ದಿನದಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ತೇಲಿ ಹೋಗಬಲ್ಲದು. ಅದಕ್ಕೆ ತಾಲ್ಲೂಕು, ಜಿಲ್ಲೆಗಳ ಗಡಿ ಇಲ್ಲ. ಬೆಟ್ಟಕ್ಕೆ ಬೇಲಿ ಹಾಕಿ ಕಾಯಬಹುದು; ಅದು ಉಣ್ಣುವ ಊಟವನ್ನು ಕಾಯಬೇಕಾದವರು ದನ ಸಾಕುವ ನಾವು. ಉಳಿದಿರುವ ಹಕ್ಕಿಗಳೇ ಬೆರಳೆಣಿಕೆಯಾದ್ದರಿಂದ ಒಂದು ವಿಷದ ಕಳೇಬರ ಇಡೀ ಧಾಮವನ್ನೇ ಬರಿದು ಮಾಡೀತು.

ಹದ್ದು ಹೋದದ್ದರ ನಷ್ಟ ನಮಗೂ ತಟ್ಟಿದೆ. ಹದ್ದು ತಿನ್ನುತ್ತಿದ್ದ ಕಳೇಬರ ಈಗ ಬೀದಿನಾಯಿಗಳ ಪಾಲು. ನಾಯಿಗಳು ಹೆಚ್ಚಿದಲ್ಲಿ ಕರು, ಕುರಿಗಳಿಗೂ ಮಕ್ಕಳಿಗೂ ಕಡಿತದ ಭಯ, ಅದರ ಹಿಂದೆ ಹುಚ್ಚುನಾಯಿ ರೋಗದ ಭಯ. ರಣಹದ್ದು ಅಳಿದದ್ದರಿಂದ 2000ದಿಂದ 2005ರವರೆಗೆ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಮಾನವ ಸಾವುಗಳಾದವೆಂದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ.

ಸೀತಾಮಾತೆಗಾಗಿ ಪ್ರಾಣ ಕೊಟ್ಟ ಜಟಾಯುವಿನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೆ ಆ ಕುಲದ ಹಕ್ಕಿಯನ್ನು ಕಣ್ಣಾರೆ ಕಂಡ ಮಗು ಇಂದು ನಮ್ಮ ಹಳ್ಳಿಗಳಲ್ಲಿ ಸಿಗುವುದು ಕಷ್ಟ.

ಸದಸ್ಯರು ಅನುಸರಿಸಬೇಕಾದ ಕ್ರಮಗಳು

1. ಹಸುವಿಗೆ ಜ್ವರ, ಬಾವು, ನೋವು ಕಂಡರೆ ಸಂಘದ ಕಾರ್ಯದರ್ಶಿಯ ಮೂಲಕ ಅಥವಾ ನೇರವಾಗಿ ಪಶುವೈದ್ಯರಿಗೆ ತಿಳಿಸಿ. ಮನುಷ್ಯರ ಔಷಧಿ ಅಂಗಡಿಯಿಂದ ಸೂಜಿಮದ್ದು ತಂದು ಹಾಕಿಸಬೇಡಿ. ಜ್ವರ ಇಳಿದರೂ ರೋಗ ಉಳಿದಿರುತ್ತದೆ. ಜ್ವರಕ್ಕೆ ಕಾರಣ ತಿಳಿಯುವುದು ಮುಖ್ಯ.

2. ಯಾರೇ ಸೂಜಿ ಹಾಕಲಿ, ಸೀಸೆಯ ಮೇಲಿನ ಹೆಸರನ್ನು ಓದಿ. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್ – ಈ ನಾಲ್ಕು ಬೇಡವೆಂದು ಹೇಳಿ. ಹಾಗೆ ಹೇಳಲು ಸಂಕೋಚ ಬೇಡ.

3. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಎಷ್ಟು ದಿನ ಡೈರಿಗೆ ಹಾಕಬಾರದು ಎಂಬುದನ್ನು ವೈದ್ಯರಿಂದ ಕೇಳಿ ಪಾಲಿಸಿ.

4. ಚಿಕಿತ್ಸೆಯ ನಡುವೆ ರಾಸು ಸತ್ತರೆ ಕೆರೆಯಂಗಳದಲ್ಲೋ ಗೋಮಾಳದಲ್ಲೋ ಎಸೆಯಬೇಡಿ. ಆರು ಅಡಿ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ವಿಮೆ ಮಾಡಿಸಿದ ರಾಸಾದರೆ ಹೂಳುವ ಮೊದಲು ವೈದ್ಯರಿಗೆ ತಿಳಿಸಿ, ಕಿವಿಯೋಲೆಯನ್ನು ಜೋಪಾನವಾಗಿಡಿ.

5. ಚೆನ್ನಾಗಿದ್ದ ರಾಸು ದಿಢೀರನೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪು ರಕ್ತ ಸೋರಿದರೆ ಅದು ನೆರಡಿ ರೋಗವಿರಬಹುದು. ಚರ್ಮ ಸುಲಿಯಬೇಡಿ, ಕೊಯ್ಯಬೇಡಿ, ನಾಯಿಗಳು ಮುಟ್ಟದಂತೆ ಕಾವಲಿದ್ದು ತಕ್ಷಣ ವೈದ್ಯರನ್ನು ಕರೆಯಿರಿ. ಈ ರೋಗ ಮನುಷ್ಯರಿಗೂ ಬರುತ್ತದೆ.

6. ಚಿರತೆ ಕರುವನ್ನು ಕೊಂದರೆ ಸಿಟ್ಟಿನಲ್ಲಿ ಕಳೇಬರಕ್ಕೆ ಕೀಟನಾಶಕ ಬೆರೆಸಬೇಡಿ. ಅದನ್ನು ತಿಂದ ಹದ್ದು, ನಾಯಿ, ನರಿ ಎಲ್ಲವೂ ಸಾಯುತ್ತವೆ. ಅದು ಶಿಕ್ಷಾರ್ಹ ಅಪರಾಧವೂ ಹೌದು. ಕಳೇಬರವನ್ನು ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ದೂರು ಕೊಟ್ಟು ಪರಿಹಾರಕ್ಕೆ ಅರ್ಜಿ ಹಾಕಿ.

7. ನಾಯಿ ಕಚ್ಚಿದ ರಾಸಿನ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ. ತೊಳೆಯುವವರು ಕೈಗವಸು ಹಾಕಿಕೊಳ್ಳಲಿ. ಮನೆಯ ನಾಯಿಗೆ ಪ್ರತಿ ವರ್ಷ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ.

ಬಾಂಧವರೇ, ನಿಷೇಧ ಜಾರಿಯಾದ ಮೇಲೆ ರಣಹದ್ದುಗಳ ಇಳಿಕೆಯ ವೇಗ ತಗ್ಗಿದೆ ಎಂಬುದು ಸಮಾಧಾನದ ಸಂಗತಿ. ಸೂಜಿ ಬದಲಾದರೆ ಹಕ್ಕಿ ಉಳಿಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಮುಂದಿನ ಬಾರಿ ತಮ್ಮ ಕೊಟ್ಟಿಗೆಗೆ ವೈದ್ಯರು ಬಂದಾಗ "ಇದು ಯಾವ ಸೂಜಿ ಸಾರ್?" ಎಂದು ಒಂದು ಮಾತು ಕೇಳಿ. ಸಂಘದ ಮುಂದಿನ ಸಭೆಯಲ್ಲಿ ಈ ನಾಲ್ಕು ಔಷಧಿಗಳ ಹೆಸರನ್ನು ಬರೆದು ಡೈರಿಯ ಗೋಡೆಗೆ ಅಂಟಿಸಲು ಕಾರ್ಯದರ್ಶಿಗಳನ್ನು ಕೋರಿ. ಹಾಲು ಹಾಕಲು ಬರುವ ಪ್ರತಿಯೊಬ್ಬರ ಕಣ್ಣಿಗೂ ಅದು ದಿನಕ್ಕೆರಡು ಬಾರಿ ಬೀಳಲಿ.