ಮನೆಯ ಹಂದರ, ಮನೆತನದ ನೆನಪು

ಚೀನಾದೇಶದ ಹಳೆಯ ಮನೆಗಳಲ್ಲಿ ಸೂರಿನ ಭಾರವನ್ನು ಹೊರುವುದು ಗೋಡೆಯಲ್ಲ, ಮರದ ಹಂದರ. ಒಂದು ಮರದ ಚಾಚಿದ ತುದಿಯನ್ನು ಮತ್ತೊಂದರ ಕುಳಿಯಲ್ಲಿ ಕೂರಿಸಿ, ಕಂಬ ತೊಲೆಗಳನ್ನು ಮೊಳೆಯ ಹಂಗಿಲ್ಲದೆ ಬಿಗಿಯುತ್ತಿದ್ದರು. ಗೋಡೆ ಬಿದ್ದರೂ ಮನೆ ಬೀಳದೆಂಬ ಗಾದೆ ಅಲ್ಲಿ ಹುಟ್ಟಿದ್ದು ಇದರಿಂದಲೇ. ಹೀಗೆ ಕೂಡಿಸಿದ್ದನ್ನು ಬಿಚ್ಚಲೂಬಹುದಷ್ಟೆ. ಹಳೆಯ ಕಟ್ಟಡಗಳನ್ನು ಉಳಿಸಹೊರಟವರಿಗೆ ಈ ಗುಣ ವರವೂ ಆಗಿದೆ, ಪ್ರಲೋಭನೆಯೂ ಆಗಿದೆ.

ಅನ್‌ಹುಯಿ ಪ್ರಾಂತದ ಒಂದು ಹಳ್ಳಿಯಲ್ಲಿ ಹುವಾಂಗ್ ಎಂಬ ವರ್ತಕ ಮನೆತನದವರು ಸುಮಾರು 200 ವರ್ಷಗಳ ಹಿಂದೆ ‘ಯಿನ್ ಯು ತಾಂಗ್’ ಎಂಬ ಮನೆಯನ್ನು ಕಟ್ಟಿಸಿದರು. ನಡುವೆ ತೊಟ್ಟಿ, ಸುತ್ತಲೂ ಎರಡಂತಸ್ತುಗಳಲ್ಲಿ 16 ಮಲಗುವ ಕೋಣೆಗಳು. ಮಕ್ಕಳು ಮೊಮ್ಮಕ್ಕಳೆಲ್ಲ ಒಂದೇ ಸೂರಿನಡಿ ಬಾಳಲೆಂಬ ಹಾರೈಕೆ ಆ ಹೆಸರಿನಲ್ಲಿಯೇ ಇದೆ. 1980ರ ದಶಕದಲ್ಲಿ ಮನೆ ಬರಿದಾಯಿತು. 1997ರಲ್ಲಿ ಅದನ್ನು ಬಿಚ್ಚಿ, ಅಮೆರಿಕದ ಸೇಲಂ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ಮರಳಿ ಜೋಡಿಸಿದರು. 2003ರಲ್ಲಿ ಅದರ ಬಾಗಿಲು ಜನರಿಗೆ ತೆರೆಯಿತು. ಮರ ಉಳಿಯಿತು, ಕಲ್ಲೂ ಉಳಿಯಿತು. ನೆರೆಹೊರೆಯನ್ನು ಮಾತ್ರ ಹಡಗಿಗೆ ಏರಿಸಲಾಗಲಿಲ್ಲ.

ಮನೆಯೊಂದರಲ್ಲಿ ಉಳಿಸತಕ್ಕದ್ದು ಯಾವುದು? ಕಟ್ಟಡವನ್ನು ಅಳೆದು ಬರೆಯುವ ಪಂಡಿತರ ಉತ್ತರವೊಂದು, ಮಗನ ಉತ್ತರ ಬೇರೊಂದು. ಬೀಜಿಂಗಿನ ಕಲಾವಿದ ಸೊಂಗ್ ದೊಂಗ್ ಅವರ ತಂದೆ 2002ರಲ್ಲಿ ತೀರಿಕೊಂಡರು. ತಾಯಿ ಜಾವೊ ಶಿಯಾಂಗ್‌ಯುವಾನ್ ಶೋಕದಲ್ಲಿ ಮುಳುಗಿ, ಯಾವ ವಸ್ತುವನ್ನೂ ಎಸೆಯಗೊಡದೆ ಮನೆಯನ್ನು ತುಂಬಿಸುತ್ತ ಹೋದರು. ಬಡತನದ ದಿನಗಳಲ್ಲಿ ಅವರು ಕಲಿತ ಬಾಳಿನ ಕ್ರಮವೇ ಅದು: ಯಾವುದನ್ನೂ ಕೊನೆಯವರೆಗೆ ಬಳಸದೆ ಬಿಡಬಾರದು. ಸಾಬೂನನ್ನು ಪಡಿತರದಲ್ಲಿ ಅಳೆದು ಕೊಡುತ್ತಿದ್ದ ಕಾಲದಲ್ಲಿ, ಮುಂದೆ ಮಕ್ಕಳಿಗೆ ಕೊರತೆಯಾಗಬಾರದೆಂದು ಬಿಲ್ಲೆಗಳನ್ನು ಕೂಡಿಟ್ಟಿದ್ದ ತಾಯಿ ಆಕೆ.

ಮಗ ಆ ರಾಶಿಯನ್ನು ಗುಡಿಸಿ ಹಾಕಲಿಲ್ಲ. ಅದನ್ನೇ ಕಲೆಯಾಗಿಸೋಣವೆಂದು ತಾಯಿಯನ್ನು ಜೊತೆಗೆ ಕರೆದುಕೊಂಡರು. 2005ರಲ್ಲಿ ಬೀಜಿಂಗಿನಲ್ಲಿ ಹಳೆಯ ಮನೆಯ ಮರದ ಹಂದರವನ್ನು ನಿಲ್ಲಿಸಿ, ಅದರ ಸುತ್ತ ನೆಲದ ಮೇಲೆ ಹತ್ತು ಸಾವಿರಕ್ಕೂ ಮಿಕ್ಕ ಪದಾರ್ಥಗಳನ್ನು ಸಾಲಾಗಿ ಹರಡಿದರು: ಜೋಡುಗಳು, ಬೋಗುಣಿಗಳು, ಬಟ್ಟೆಯ ತುಂಡುಗಳು, ಸೀಸೆಯ ಮುಚ್ಚಳಗಳು, ಹಲ್ಲುಜ್ಜುವ ಲೇಪದ ಬರಿಯ ಕೊಳವೆಗಳು. ವಿಂಗಡಿಸಿದವರು, ಬಂದವರೊಡನೆ ಕುಳಿತು ಅವುಗಳ ಕಥೆ ಹೇಳಿದವರು ತಾಯಿಯೇ. ಹಂದರವೊಂದನ್ನೇ ಕಂಡಿದ್ದರೆ ನಾವು ಬಡಗಿಯ ಜಾಣ್ಮೆಯನ್ನು ಮೆಚ್ಚಿ ಮುಂದೆ ಹೋಗುತ್ತಿದ್ದೆವೋ ಏನೋ. ಮುಚ್ಚಳಗಳ ಸಾಲಿನ ಮುಂದೆ ಹಾಗೆ ಹೋಗುವುದು ಕಷ್ಟ. 2009ರ ಆರಂಭದಲ್ಲಿ ಆಕೆ ಗತಿಸಿದರು. ಅದೇ ವರ್ಷ ಈ ಕೃತಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ನೋಡಸಿಕ್ಕಿತು. ಅಲ್ಲಿ ಸಾಲುಗಳನ್ನು ಜೋಡಿಸುವ ಕೆಲಸ ಮಕ್ಕಳ ಪಾಲಿಗೆ ಬಂದಿತ್ತು.