ಮುಖದ ಚರ್ಮ: ತಿಕ್ಕುವುದೆಷ್ಟು, ಬಿಡುವುದೆಷ್ಟು?

ತೊಗರಿಯ ರಾಶಿ ಮುಗಿಸಿ ಸಂಜೆ ಮಹಾಗಾಂವದ ಕಣಗಳಿಂದ ಮನೆಗೆ ಮರಳುವ ದಂಪತಿಗಳ ಹುಬ್ಬು, ಗಲ್ಲ, ಮೂಗಿನ ಮಗ್ಗುಲುಗಳಲ್ಲಿ ಹೊಟ್ಟಿನ ಧೂಳು ಬೆವರಿನೊಡನೆ ಬೆರೆತು ಅಂಟಿಕೊಂಡಿರುತ್ತದೆ. ಅದನ್ನು ಕಳೆಯಲು ಹಿಮ್ಮಡಿ ಉಜ್ಜುವ ಕಲ್ಲಿನಿಂದಲೋ ಹೀರೆಕಾಯಿಯ ನಾರಿನಿಂದಲೋ ಮುಖವನ್ನೂ ತಿಕ್ಕುವವರುಂಟು. ಹಿಮ್ಮಡಿಯ ಚರ್ಮ ದಪ್ಪ, ಮುಖದ ಚರ್ಮ ತೆಳು. ಒಂದಕ್ಕೆ ಹಿತವಾದುದು ಮತ್ತೊಂದಕ್ಕೆ ಗಾಯವಾಗುತ್ತದೆ.

ನಮ್ಮ ಚರ್ಮದ ಹೊರಪದರವು ಸತ್ತ ಕಣಗಳಿಂದ ಕೂಡಿದೆ. ಒಳಗಿನಿಂದ ಹೊಸ ಕಣಗಳು ಮೇಲೇರಿದಂತೆ ಹಳೆಯವು ತಾವಾಗಿಯೇ ಉದುರುತ್ತವೆ. ತರುಣರಲ್ಲಿ ಈ ಕ್ರಿಯೆಗೆ ಸುಮಾರು ನಾಲ್ಕು ವಾರಗಳು ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಆದುದರಿಂದ ನಾವು ಮಾಡಬೇಕಾದುದು ಉದುರಲು ಸಿದ್ಧವಾಗಿರುವುದನ್ನು ಮೆಲ್ಲನೆ ತೆಗೆಯುವುದಷ್ಟೇ ಹೊರತು, ಅಂಟಿಕೊಂಡಿರುವುದನ್ನು ಕಿತ್ತುಹಾಕುವುದಲ್ಲ. ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮವಿರುವ ನಮ್ಮವರಿಗೆ ಈ ಎಚ್ಚರಿಕೆ ಇನ್ನೂ ಅಗತ್ಯ. ಇಂತಹ ಚರ್ಮಕ್ಕೆ ಪೆಟ್ಟಾದರೆ ಅದು ಹೆಚ್ಚು ಬಣ್ಣವನ್ನು ಉತ್ಪತ್ತಿ ಮಾಡುತ್ತದೆ. ಬೆಳ್ಳಗಾಗಲೆಂದು ತಿಕ್ಕಿದ ಜಾಗವೇ ಕಪ್ಪಾಗುವುದು ಹೀಗೆ.

ನಿಮ್ಮ ಚರ್ಮ ಯಾವ ಬಗೆಯದೆಂದು ಮನೆಯಲ್ಲಿಯೇ ತಿಳಿಯಬಹುದು. ಮುಖವನ್ನು ಸೌಮ್ಯವಾದ ಸಾಬೂನಿನಿಂದ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಕಾಯಿರಿ. ಮುಖವೆಲ್ಲ ಜಿಡ್ಡಿನಿಂದ ಹೊಳೆದರೆ ಎಣ್ಣೆ ಚರ್ಮ. ಬಿಗಿದಂತಾಗಿ ಹೊಟ್ಟು ಕಂಡರೆ ಒಣ ಚರ್ಮ. ಹಣೆ ಮತ್ತು ಮೂಗು ಮಾತ್ರ ಹೊಳೆದರೆ ಮಿಶ್ರ ಚರ್ಮ. ಸಾಬೂನು ಸೋಕಿದರೇ ಉರಿ, ಕೆಂಪು ಕಾಣಿಸುವವರದು ಸೂಕ್ಷ್ಮ ಚರ್ಮ.

ಎಣ್ಣೆ ಚರ್ಮದವರು ವಾರಕ್ಕೆ ಎರಡು ಬಾರಿ, ನುಣ್ಣಗೆ ಜರಡಿ ಹಿಡಿದ ಕಡಲೆಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಬೆರಳ ತುದಿಯಿಂದ ಅರ್ಧ ನಿಮಿಷ ಹಗುರವಾಗಿ ಸವರಿ ತೊಳೆಯಬಹುದು. ಹಿಟ್ಟು ಮುಖದ ಮೇಲೆ ಒಣಗಿ ಬಿರಿಯುವವರೆಗೆ ಬಿಡಕೂಡದು. ಒಣ ಚರ್ಮದವರಿಗೆ ವಾರಕ್ಕೊಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹಳೆಯ ಮೆತ್ತನೆಯ ಹತ್ತಿಬಟ್ಟೆಯೇ ಸಾಕು. ತೊಳೆದ ಮೇಲೆ ಮುಖ ಹಸಿಯಿರುವಾಗಲೇ ಸ್ವಲ್ಪ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿರಿ. ಮಿಶ್ರ ಚರ್ಮದವರು ಹಿಟ್ಟನ್ನು ಹಣೆ, ಮೂಗುಗಳಿಗೆ ಮಾತ್ರ ಬಳಸಬೇಕು. ಸೂಕ್ಷ್ಮ ಚರ್ಮದವರು ತಿಕ್ಕುವ ಗೊಡವೆಗೆ ಹೋಗದಿರುವುದೇ ಲೇಸು. ಸಕ್ಕರೆ, ಉಪ್ಪು, ಅಕ್ಕಿಯ ತರಿ, ಅಡುಗೆ ಸೋಡಾ ಯಾರಿಗೂ ಸಲ್ಲದು. ನಿಂಬೆರಸ ಹಚ್ಚಿಕೊಂಡು ಹೊಲಕ್ಕೆ ಹೋದರೆ ಬಿಸಿಲಿಗೆ ಚರ್ಮ ಸುಟ್ಟಂತಾಗಿ ಕಲೆ ಉಳಿಯುತ್ತದೆ. ಮೊಡವೆ, ಗಾಯ, ಸರ್ಪಸುತ್ತು ಅಥವಾ ಕಜ್ಜಿ ಇರುವೆಡೆ ಕೈ ಹಚ್ಚಬೇಡಿ.

ಇನ್ನು ಬಂಗಿನ ವಿಷಯ. ಈ ಪುಟದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದುದು ಇದನ್ನೇ. ಗರ್ಭಿಣಿಯರಲ್ಲಿ, ಮಾಲಾ-ಎನ್‌ನಂತಹ ಗರ್ಭನಿರೋಧಕ ಗುಳಿಗೆ ನುಂಗುವ ಕೆಲವು ಸೋದರಿಯರಲ್ಲಿ, ಗಲ್ಲ, ಹಣೆ ಮತ್ತು ಮೇಲ್ದುಟಿಯ ಮೇಲೆ ಕಂದು ಬಣ್ಣದ ಮಚ್ಚೆಗಳು ಮೂಡುತ್ತವೆ. ಇದು ಕೊಳೆಯಲ್ಲ, ಸತ್ತ ಚರ್ಮವೂ ಅಲ್ಲ. ದೇಹದ ಹಾರ್ಮೋನುಗಳು ಬದಲಾದಾಗ, ಬಿಸಿಲೂ ಸೇರಿ, ಚರ್ಮದ ಒಳಗೆ ಹೆಚ್ಚಿದ ಬಣ್ಣ. ತಿಕ್ಕಿದರೆ ಹೋಗುವುದಿಲ್ಲ, ಹೆಚ್ಚುತ್ತದೆ. ಹೆರಿಗೆಯ ನಂತರ ಕೆಲವು ತಿಂಗಳಲ್ಲಿ ಅನೇಕರಿಗೆ ತಿಳಿಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಕಲಬುರಗಿಯ ಬಿಸಿಲಿನಲ್ಲಿ ಕೆಲಸ ಮಾಡುವಾಗ ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಳ್ಳುವುದೇ ಇದಕ್ಕೆ ಮೊದಲ ಚಿಕಿತ್ಸೆ.

ಬಂಗು ಕಂಡಿತೆಂದು ಗುಳಿಗೆಯನ್ನು ಯಾರಿಗೂ ಹೇಳದೆ ನಿಲ್ಲಿಸಿದರೆ, ಬಯಸದ ಗರ್ಭ ನಿಲ್ಲುವ ಸಂಭವವಿದೆ. ಮೊದಲು ಆಶಾ ಕಾರ್ಯಕರ್ತೆಗೆ ಇಲ್ಲವೆ ಆರೋಗ್ಯ ಸಹಾಯಕಿಗೆ ತಿಳಿಸಿರಿ. ಹಾರ್ಮೋನುಗಳಿಲ್ಲದ ಕಾಪರ್-ಟಿ, ಛಾಯಾ ಗುಳಿಗೆ, ನಿರೋಧ್ ಮುಂತಾದ ಬೇರೆ ವಿಧಾನಗಳುಂಟು. ಗಂಡನೂ ಜೊತೆಗೆ ಹೋಗಿ ಮಾತನಾಡಿದರೆ ನಿರ್ಧಾರ ಸುಲಭವಾಗುತ್ತದೆ. ಹೆಂಡತಿಯ ಮುಖದ ಕಲೆಯನ್ನು ಕುರಿತು ಮನೆಯವರು ಆಡುವ ಚುಚ್ಚುಮಾತೇ ಆಕೆಯನ್ನು ಅಂಗಡಿಯ ಮುಲಾಮಿನತ್ತ ತಳ್ಳುವುದನ್ನು ಗಂಡಂದಿರು ಮರೆಯಬಾರದು.

ಆ ಮುಲಾಮುಗಳಲ್ಲಿಯೇ ಅಪಾಯವಿದೆ. ಮುಖವನ್ನು ಬೆಳಗಿಸುವುದಾಗಿ ಹೇಳಿಕೊಳ್ಳುವ ಹಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾದಂತೆ ತೋರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗಿ, ಕೆಂಪು ನರಗಳು ಎದ್ದು ಕಂಡು, ಮೊಡವೆ ಮತ್ತು ರೋಮ ಹೆಚ್ಚುತ್ತವೆ. ಬಿಟ್ಟೊಡನೆ ಉರಿ ಏಳುವುದರಿಂದ ಮತ್ತೆ ಹಚ್ಚುವಂತಾಗುತ್ತದೆ. ಸ್ಟೀರಾಯ್ಡ್ ಇರುವ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ಬಂಗಿಗೆಂದು ಕೊಡುವ ಕೆಲವು ಮಿಶ್ರ ಮುಲಾಮುಗಳಲ್ಲಿ ಟ್ರೆಟಿನಾಯಿನ್ ಎಂಬ ಔಷಧವೂ ಇರುತ್ತದೆ. ಗರ್ಭಿಣಿಯರು ಇದನ್ನು ಬಳಸಲೇಬಾರದು. ಈಗಾಗಲೇ ಇಂತಹ ಮುಲಾಮಿಗೆ ಒಗ್ಗಿದವರು ಟ್ಯೂಬನ್ನು ಬಚ್ಚಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿರಿ. ಅಗತ್ಯವಾದರೆ ಅವರು ಕಲಬುರಗಿಯ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ತಜ್ಞರಲ್ಲಿಗೆ ಕಳುಹಿಸುತ್ತಾರೆ.

ಗಂಡಸರಿಗೆ ಒಂದು ಮಾತು. ಕ್ಷೌರವೂ ಸತ್ತ ಚರ್ಮವನ್ನು ತೆಗೆಯುತ್ತದೆ. ಆ ದಿನ ಮತ್ತೆ ಮುಖ ಉಜ್ಜಬೇಡಿ. ಕೂದಲು ಬೆಳೆದ ದಿಕ್ಕಿನಲ್ಲಿಯೇ ಕತ್ತಿಯನ್ನು ಎಳೆಯಬೇಕು. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡನ್ನೇ ಹಾಕಿಸಿರಿ. ಒಬ್ಬರ ಬ್ಲೇಡಿನಿಂದ ಮತ್ತೊಬ್ಬರಿಗೆ ಕಾಮಾಲೆಯ ರೋಗಾಣುಗಳು ಹರಡಬಲ್ಲವು.

ಮುಖದಲ್ಲಾಗಲಿ ಮೈಮೇಲಾಗಲಿ ತಿಳಿಬಣ್ಣದ ಅಥವಾ ಕೆಂಪು ಮಚ್ಚೆಯಿದ್ದು, ಅಲ್ಲಿ ಮುಟ್ಟಿದರೆ ತಿಳಿಯದಂತಿದ್ದರೆ ಅದನ್ನು ಉಜ್ಜುತ್ತ ಕಾಲ ಕಳೆಯಬೇಡಿ. ಅದು ಕುಷ್ಠದ ಮೊದಲ ಲಕ್ಷಣವಿರಬಹುದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಔಷಧಿಯನ್ನು ಉಚಿತವಾಗಿ ಕೊಡುತ್ತಾರೆ. ಬೇಗ ಆರಂಭಿಸಿದರೆ ಅಂಗವಿಕಲತೆ ಬಾರದಂತೆ ಪೂರ್ಣವಾಗಿ ಗುಣವಾಗುತ್ತದೆ.